ಅಳಲೆಕಾಯಿ ಸಾರದ ಪರೀಕ್ಷೆ: ಬ್ಯಾಕ್ಟೀರಿಯಾ ನಿರೋಧಕ, ಉತ್ಕರ್ಷಣ ನಿರೋಧಕ ಗುಣಗಳ ಮುಖ್ಯಾಂಶಗಳು

ಸೂಕ್ಷ್ಮಜೀವವಿಜ್ಞಾನ, ಸಸ್ಯವಿಜ್ಞಾನ, ಬಿ.ಫಾರ್ಮಾ, ಆಯುರ್ವೇದದ ದ್ರವ್ಯಗುಣ, ಯಾವ ಪತ್ರಿಕೆ ಎತ್ತಿಕೊಂಡರೂ ಔಷಧೀಯ ಸಸ್ಯದ ಸಾರವನ್ನು ಪರೀಕ್ಷಿಸುವ ಬಗೆ ಒಂದಲ್ಲ ಒಂದು ರೂಪದಲ್ಲಿ ಪ್ರಶ್ನೆಯಾಗಿ ಬರುತ್ತದೆ. ‘ಯಾವುದೋ ಒಂದು ಗಿಡ’ ಎಂದು ಬರೆದ ಉತ್ತರ ಜಾಳಾಗಿರುತ್ತದೆ. ಅಳಲೆಕಾಯಿಯನ್ನೇ ಹಿಡಿದುಕೊಂಡರೆ ಎರಡೂ ಪರೀಕ್ಷೆಗಳಿಗೆ ಒಳ್ಳೆಯ ಉದಾಹರಣೆ ಸಿಗುತ್ತದೆ, ಈ ಪರೀಕ್ಷೆಗಳು ಎಲ್ಲೆಲ್ಲಿ ದಾರಿ ತಪ್ಪಿಸುತ್ತವೆ ಎಂಬುದಕ್ಕೂ ಸಿಗುತ್ತದೆ. ಅಂಕ ಬರುವುದು ಹೆಚ್ಚಾಗಿ ಈ ಎರಡನೆಯದಕ್ಕೇ.

ಸಸ್ಯ ಪರಿಚಯ

• ವೈಜ್ಞಾನಿಕ ಹೆಸರು ಟರ್ಮಿನೇಲಿಯಾ ಚೆಬುಲಾ. ಕುಟುಂಬ ಕಾಂಬ್ರೆಟೇಸಿ. ಹೆಸರಿಟ್ಟವರು ಸ್ವೀಡನ್ನಿನ ರೆಟ್ಜಿಯಸ್. ಸಂಸ್ಕೃತದಲ್ಲಿ ಹರೀತಕಿ.
• ಹತ್ತಿರದ ನೆಂಟರು: ತಾರೆ, ಮತ್ತಿ, ಹೊಳೆಮತ್ತಿ. ಎಲ್ಲವೂ ಟರ್ಮಿನೇಲಿಯಾ ಕುಲದವೇ.
• ಗುರುತು: ಎಲೆ ತೊಟ್ಟಿನ ತುದಿಯಲ್ಲಿ ಒಂದು ಜೊತೆ ಗ್ರಂಥಿ, ದಳವಿಲ್ಲದ ಹೂವು, ಒಣಗಿದ ಕಾಯಿಯ ಮೈಮೇಲೆ ಸಾಮಾನ್ಯವಾಗಿ ಐದು ಏಣು.
• ಅಳಲೆ, ತಾರೆ, ನೆಲ್ಲಿ ಮೂರೂ ಸೇರಿದರೆ ತ್ರಿಫಲ. ನೆಲ್ಲಿ ಬೇರೆ ಕುಟುಂಬದ್ದು, ಫಿಲಾಂಥೇಸಿ. ಈ ಒಂದು ಸಾಲು ಬಹುಆಯ್ಕೆ ಪ್ರಶ್ನೆಯಾಗಿ ಬರುವುದುಂಟು.
• ಆಯುರ್ವೇದದ ಪ್ರಕಾರ ಉಪ್ಪು ಬಿಟ್ಟು ಉಳಿದ ಐದು ರಸಗಳೂ ಇದರಲ್ಲಿವೆ. ಏಳು ಬಗೆ: ವಿಜಯಾ, ರೋಹಿಣೀ, ಪೂತನಾ, ಅಮೃತಾ, ಅಭಯಾ, ಜೀವಂತೀ, ಚೇತಕೀ.

ಕರ್ನಾಟಕದ ಎಲೆ ಉದುರುವ ಕಾಡುಗಳಲ್ಲಿ ಈ ಮರ ಸಾಮಾನ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿ, ಜೇನಿನ ಜೊತೆ ಅಳಲೆಯನ್ನೂ ಸಂಗ್ರಹಿಸುತ್ತ ಬಂದವರು. ಎಳೆ ಮಕ್ಕಳಿಗೆ ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುವುದು ಮನೆಮನೆಯ ಪದ್ಧತಿಯಾಗಿತ್ತು. ‘ಅಳಲೆಕಾಯಿ ಪಂಡಿತ’ ಎಂದು ಅರೆಬರೆ ವೈದ್ಯರನ್ನು ಹಂಗಿಸುವ ಊರಿನಲ್ಲೇ ಆ ಕಾಯಿ ಈಗ ಪ್ರಬಂಧಗಳ ವಸ್ತು.

ಸಾರದಲ್ಲಿ ಏನಿದೆ

ಒಂದು ಮಾತಿನಲ್ಲಿ ಉತ್ತರ ಬೇಕೆಂದರೆ ಟ್ಯಾನಿನ್. ಒಣ ಹಣ್ಣಿನ ತಿರುಳಿನಲ್ಲಿ ಅದರ ಪಾಲು ಶೇ. 30ರ ಆಸುಪಾಸು, ಪ್ರದೇಶ, ಬಲಿತ ಹದ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ. ಇವು ಜಲವಿಭಜನೆಯಾಗುವ ಬಗೆಯ ಟ್ಯಾನಿನ್‌ಗಳು: ಚೆಬುಲಿನಿಕ್ ಆಮ್ಲ, ಚೆಬುಲಾಜಿಕ್ ಆಮ್ಲ, ಕೊರಿಲಾಜಿನ್. ಒಡೆದಾಗ ಗ್ಯಾಲಿಕ್ ಮತ್ತು ಎಲಾಜಿಕ್ ಆಮ್ಲಗಳು ಸಿಗುತ್ತವೆ. ಚೆಬುಲಿನಿಕ್ ಆಮ್ಲದ ಅಣುತೂಕ ಸುಮಾರು 957, ಗ್ಯಾಲಿಕ್ ಆಮ್ಲದ್ದು ಸುಮಾರು 170. ಈ ಎರಡು ಅಂಕಿಗಳನ್ನು ನೆನಪಿಡಿ, ಅಗರ್ ತಟ್ಟೆಯ ಫಲಿತಾಂಶ ವಿವರಿಸುವಾಗ ಬೇಕಾಗುತ್ತವೆ. ಚರ್ಮ ಹದ ಮಾಡುವವರಿಗೂ ಕಲಂಕಾರಿ ಬಟ್ಟೆಯವರಿಗೂ ಅಳಲೆ ಬೇಕಾದದ್ದು ಇದೇ ಟ್ಯಾನಿನ್ನಿಗಾಗಿ. ಪ್ರೋಟೀನಿಗೆ, ಲೋಹಕ್ಕೆ ಅಂಟಿಕೊಳ್ಳುವುದು ಅದರ ಸ್ವಭಾವ. ತೊಗಲನ್ನು ಹದ ಮಾಡುವ ಆ ಗುಣವೇ ಬ್ಯಾಕ್ಟೀರಿಯಾದ ಕಿಣ್ವಗಳ ಮೇಲೂ ಕೆಲಸ ಮಾಡುತ್ತದೆ.

ಮಾದರಿ ಸಂಗ್ರಹ ಮತ್ತು ಸಾರ ತೆಗೆಯುವುದು

• ಸಂಗ್ರಹಿಸಿದ ಸ್ಥಳ, ತಿಂಗಳು, ಬಳಸಿದ ಭಾಗ ದಾಖಲಾಗಬೇಕು. ಸಸ್ಯತಜ್ಞರಿಂದ ಗುರುತು ಖಚಿತಪಡಿಸಿ, ಒಣ ಮಾದರಿಯೊಂದನ್ನು ಸಂಖ್ಯೆಯೊಡನೆ ಹರ್ಬೇರಿಯಂನಲ್ಲಿ ಇಡಬೇಕು. ಇದು ವೋಚರ್ ಮಾದರಿ. ಅಂಗಡಿಯಿಂದ ತಂದ ಪುಡಿಗೆ ಈ ಆಧಾರ ಇರುವುದಿಲ್ಲ.
• ನೆರಳಿನಲ್ಲಿ ಒಣಗಿಸಿ, ಬೀಜ ತೆಗೆದು, ತಿರುಳನ್ನು ಪುಡಿ ಮಾಡಬೇಕು.
• ದ್ರಾವಕಗಳನ್ನು ಧ್ರುವೀಯತೆಯ ಏರುಕ್ರಮದಲ್ಲಿ ಬಳಸುವುದು ವಾಡಿಕೆ: ಪೆಟ್ರೋಲಿಯಂ ಈಥರ್, ಕ್ಲೋರೋಫಾರ್ಮ್, ಈಥೈಲ್ ಅಸಿಟೇಟ್, ಅಸಿಟೋನ್, ಮೆಥನಾಲ್, ನೀರು. ಅಳಲೆಯ ಮುಖ್ಯ ಅಂಶಗಳು ಧ್ರುವೀಯವಾದ್ದರಿಂದ ಫಲ ಕೊಡುವುದು ಕೊನೆಯ ಮೂರು.
• ತಣ್ಣನೆಯ ವಿಧಾನ ಮ್ಯಾಸರೇಷನ್, ಅಂದರೆ ದ್ರಾವಕದಲ್ಲಿ ನೆನೆಹಾಕಿ ಆಗಾಗ ಕಲಕುವುದು. ಬಿಸಿಯ ವಿಧಾನ ಸಾಕ್ಸ್‌ಲೆಟ್. ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಈ ಉಪಕರಣವನ್ನು 1879ರಲ್ಲಿ ವಿವರಿಸಿದ್ದು ಹಾಲಿನ ಕೊಬ್ಬನ್ನು ಅಳೆಯಲು.
• ದ್ರಾವಕವನ್ನು ರೋಟರಿ ಇವಾಪೊರೇಟರ್‌ನಲ್ಲಿ ಕಡಿಮೆ ಒತ್ತಡದಲ್ಲಿ, ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿ ಮಾಡಬೇಕು.
• ಇಳುವರಿ ಶೇಕಡಾ = (ಒಣ ಸಾರದ ತೂಕ ÷ ಪುಡಿಯ ತೂಕ) × 100. ಭಾರತೀಯ ಆಯುರ್ವೇದ ಫಾರ್ಮಕೋಪಿಯಾದ ಪ್ರಕಾರ ಹರೀತಕಿಯಲ್ಲಿ ನೀರಿನಲ್ಲಿ ಕರಗುವ ಅಂಶ ಶೇ. 60ಕ್ಕೆ, ಮದ್ಯಸಾರದಲ್ಲಿ ಕರಗುವ ಅಂಶ ಶೇ. 40ಕ್ಕೆ ಕಡಿಮೆ ಇರಕೂಡದು.

ಸಾಕ್ಸ್‌ಲೆಟ್ ಬೇಕೇ, ನೆನೆಹಾಕಬೇಕೇ ಎಂಬುದು ಅನುಕೂಲದ ಪ್ರಶ್ನೆಯಲ್ಲ. ಗಂಟೆಗಟ್ಟಲೆ ಬಿಸಿಯಲ್ಲಿಟ್ಟರೆ, ಅದರಲ್ಲೂ ನೀರಿನಲ್ಲಿ, ಜಲವಿಭಜನೆಯಾಗುವ ಟ್ಯಾನಿನ್ ಒಡೆದು ಗ್ಯಾಲಿಕ್ ಆಮ್ಲದ ಪಾಲು ಏರುತ್ತದೆ. ಒಂದೇ ಮರದ ಕಾಯಿ, ಎರಡು ವಿಧಾನ, ಎರಡು ಬೇರೆ ಸಾರ. ಬೇರೆ ಸಸ್ಯದ ಉದಾಹರಣೆ ಕೇಳಿದರೆ ಆರ್ಟಿಮಿಸಿನಿನ್ ಬರೆಯಿರಿ. ಚೀನಾದ ತು ಯೂಯೂ ತಂಡಕ್ಕೆ ಮಲೇರಿಯಾ ವಿರುದ್ಧ ಸ್ಥಿರ ಫಲ ಸಿಕ್ಕಿದ್ದು ಕುದಿಸುವುದನ್ನು ಬಿಟ್ಟು, ಕಡಿಮೆ ಉಷ್ಣದಲ್ಲಿ ಈಥರ್ ಬಳಸಿದ ಮೇಲೆ. ಅವರಿಗೆ ನೊಬೆಲ್ ಬಂದದ್ದು 2015ರಲ್ಲಿ.

ಗುಣಾತ್ಮಕ ಪರೀಕ್ಷೆಗಳು

ಫೆರಿಕ್ ಕ್ಲೋರೈಡ್ ಹಾಕಿದಾಗ ನೀಲಿಗಪ್ಪು ಬಂದರೆ ಜಲವಿಭಜನೆಯಾಗುವ ಟ್ಯಾನಿನ್, ಹಸಿರುಗಪ್ಪು ಬಂದರೆ ಸಾಂದ್ರಿತ ಟ್ಯಾನಿನ್, ಅಳಲೆಗೆ ನೀಲಿಗಪ್ಪು. ಫ್ಲೇವನಾಯ್ಡ್‌ಗೆ ಶಿನೋಡಾ, ಆಲ್ಕಲಾಯ್ಡ್‌ಗೆ ಮೇಯರ್ ಮತ್ತು ಡ್ರಾಗೆನ್‌ಡಾರ್ಫ್, ಸ್ಟೆರಾಯ್ಡ್‌ಗೆ ಸಾಲ್ಕೋವ್ಸ್‌ಕಿ, ಸಪೋನಿನ್‌ಗೆ ನೊರೆ ಪರೀಕ್ಷೆ. ಈ ಕೋಷ್ಟಕವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಇದಕ್ಕೆ ಅರ್ಧ ಪುಟ ಸಾಕು.

ಒಟ್ಟು ಫೀನಾಲ್, ಒಟ್ಟು ಫ್ಲೇವನಾಯ್ಡ್

• ಫೋಲಿನ್–ಸಿಯೊಕಾಲ್ಟ್ಯೂ ಕಾರಕ: 1927. ಮೊದಲ ಉದ್ದೇಶ ಪ್ರೋಟೀನಿನಲ್ಲಿ ಟೈರೋಸಿನ್, ಟ್ರಿಪ್ಟೊಫ್ಯಾನ್ ಅಳೆಯುವುದು. ಸಿಂಗಲ್‌ಟನ್ ಮತ್ತು ರೊಸ್ಸಿ 1965ರಲ್ಲಿ ಇದನ್ನು ಫೀನಾಲ್‌ಗಳಿಗೆ ಒಗ್ಗಿಸಿದರು.
• ಸೋಡಿಯಂ ಕಾರ್ಬೊನೇಟ್‌ನಿಂದ ಕ್ಷಾರೀಯವಾದ ಮಾಧ್ಯಮದಲ್ಲಿ ನೀಲಿ ಬಣ್ಣ. ಅಳತೆ 765 ನ್ಯಾನೊಮೀಟರ್‌ನಲ್ಲಿ. ಫಲಿತಾಂಶವನ್ನು ‘ಪ್ರತಿ ಗ್ರಾಂ ಸಾರಕ್ಕೆ ಇಷ್ಟು ಮಿಲಿಗ್ರಾಂ ಗ್ಯಾಲಿಕ್ ಆಮ್ಲಕ್ಕೆ ಸಮ’ ಎಂದು ಕೊಡಬೇಕು.
• ಫ್ಲೇವನಾಯ್ಡ್‌ಗೆ ಅಲ್ಯೂಮಿನಿಯಂ ಕ್ಲೋರೈಡ್ ವಿಧಾನ, 415 ನ್ಯಾನೊಮೀಟರ್, ಕ್ವೆರ್ಸೆಟಿನ್‌ಗೆ ಸಮ.
• ಮಿತಿ: ಫೋಲಿನ್ ಕಾರಕ ವಿಟಮಿನ್ ಸಿ, ಅಪಕರ್ಷಕ ಸಕ್ಕರೆಗಳ ಜೊತೆಗೂ ವರ್ತಿಸುತ್ತದೆ. ಹಣ್ಣಿನ ಸಾರದಲ್ಲಿ ಅಂಕಿ ಉಬ್ಬುವ ಸಂಭವವಿದೆ.

ಉತ್ಕರ್ಷಣ ನಿರೋಧಕ ಪರೀಕ್ಷೆಗಳು

ಮುಕ್ತ ರಾಡಿಕಲ್ ಎಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಅಣು ಅಥವಾ ಪರಮಾಣು. ಉತ್ಕರ್ಷಣ ನಿರೋಧಕ ಅದಕ್ಕೆ ಎಲೆಕ್ಟ್ರಾನನ್ನೋ ಹೈಡ್ರೋಜನ್ ಪರಮಾಣುವನ್ನೋ ಕೊಟ್ಟು ಶಮನ ಮಾಡುತ್ತದೆ. ಒಂದಕ್ಕಿಂತ ಹೆಚ್ಚು ಪರೀಕ್ಷೆ ಬೇಕಾಗುವುದು ಈ ‘ಅಥವಾ’ ಇರುವುದರಿಂದಲೇ.

ಡಿಪಿಪಿಎಚ್: 1922ರಲ್ಲಿ ತಯಾರಾದ ಸ್ಥಿರ ರಾಡಿಕಲ್, ಉತ್ಕರ್ಷಣ ನಿರೋಧಕ ಅಳೆಯಲು ಬಳಸಿದ್ದು ಬ್ಲೋಯಿಸ್, 1958. ಅಣುತೂಕ 394.3, ಆದ್ದರಿಂದ 0.1 ಮಿಲಿಮೋಲಾರ್ ದ್ರಾವಣಕ್ಕೆ 100 ಮಿ.ಲೀ. ಮೆಥನಾಲ್‌ನಲ್ಲಿ 3.94 ಮಿಲಿಗ್ರಾಂ. ನೇರಳೆ ಬಣ್ಣ ಹಳದಿಗೆ ತಿರುಗುತ್ತದೆ. ಕತ್ತಲಲ್ಲಿ 30 ನಿಮಿಷ ಇಟ್ಟು 517 ನ್ಯಾನೊಮೀಟರ್‌ನಲ್ಲಿ ಓದಬೇಕು.

ಶೇಕಡಾ ಪ್ರತಿಬಂಧ = [(ನಿಯಂತ್ರಣದ ಹೀರಿಕೆ − ಮಾದರಿಯ ಹೀರಿಕೆ) ÷ ನಿಯಂತ್ರಣದ ಹೀರಿಕೆ] × 100

ಲೆಕ್ಕದ ಮಾದರಿ: ನಿಯಂತ್ರಣ 0.820, ಮಾದರಿ 0.246 ಇದ್ದರೆ ವ್ಯತ್ಯಾಸ 0.574, ಉತ್ತರ ಶೇ. 70. ಇನ್ನು ಐಸಿ50, ಅಂದರೆ ಪ್ರತಿಬಂಧ ಶೇ. 50 ಆಗುವ ಸಾಂದ್ರತೆ. ಪ್ರತಿ ಮಿ.ಲೀ.ಗೆ 5, 10, 20, 40 ಮೈಕ್ರೊಗ್ರಾಂನಲ್ಲಿ ಪ್ರತಿಬಂಧ ಕ್ರಮವಾಗಿ 22, 41, 63, 84 ಎಂದು ಪ್ರಶ್ನೆಯಲ್ಲಿ ಕೊಟ್ಟಿದ್ದರೆ ಐವತ್ತು ಬರುವುದು 10 ಮತ್ತು 20ರ ನಡುವೆ. 41ರಿಂದ 50ಕ್ಕೆ 9 ಹೆಜ್ಜೆ, 41ರಿಂದ 63ಕ್ಕೆ 22 ಹೆಜ್ಜೆ; 10 + (9 ÷ 22) × 10 = ಸುಮಾರು 14 ಮೈಕ್ರೊಗ್ರಾಂ. ನಾಲ್ಕೂ ಬಿಂದುಗಳಿಗೆ ಒಂದೇ ಸರಳರೇಖೆ ಎಳೆದು ಉತ್ತರ ತೆಗೆಯುವುದು ಸರಿಯಲ್ಲ, ಏಕೆಂದರೆ ಈ ವಕ್ರರೇಖೆ ಮೇಲೆ ಹೋದಂತೆ ಬಾಗುತ್ತದೆ.

ಎಬಿಟಿಎಸ್: 7 ಮಿಲಿಮೋಲಾರ್ ಎಬಿಟಿಎಸ್‌ಗೆ 2.45 ಮಿಲಿಮೋಲಾರ್ ಪೊಟ್ಯಾಸಿಯಂ ಪರ್‌ಸಲ್ಫೇಟ್ ಬೆರೆಸಿ 12ರಿಂದ 16 ಗಂಟೆ ಕತ್ತಲಲ್ಲಿಟ್ಟರೆ ನೀಲಿ ಹಸಿರು ರಾಡಿಕಲ್ ಸಿದ್ಧ. 734 ನ್ಯಾನೊಮೀಟರ್‌ನಲ್ಲಿ ಅದರ ಹೀರಿಕೆ 0.70ರ ಆಸುಪಾಸಿಗೆ ಬರುವಂತೆ ತೆಳುಮಾಡಿ ಬಳಸಬೇಕು. ನೀರಿನಲ್ಲೂ ಮದ್ಯಸಾರದಲ್ಲೂ ನಡೆಯುತ್ತದೆ, ಹಾಗಾಗಿ ಅಳಲೆಯ ನೀರಿನ ಸಾರಕ್ಕೆ ಡಿಪಿಪಿಎಚ್‌ಗಿಂತ ಅನುಕೂಲ. ಈಗ ಬಳಸುವ ರೂಪ 1999ರದು.

ಫ್ರ್ಯಾಪ್: ಬೆಂಜಿ ಮತ್ತು ಸ್ಟ್ರೇನ್, 1996. ಫೆರಿಕ್ ಅಯಾನನ್ನು ಫೆರಸ್‌ಗೆ ಇಳಿಸುವ ಶಕ್ತಿಯ ಅಳತೆ. ಪಿಎಚ್ 3.6, ನೀಲಿ ಬಣ್ಣ, 593 ನ್ಯಾನೊಮೀಟರ್. ಇದರಲ್ಲಿ ರಾಡಿಕಲ್ ಇಲ್ಲವೇ ಇಲ್ಲ, ಅಳೆಯುವುದು ಎಲೆಕ್ಟ್ರಾನ್ ದಾನವನ್ನು ಮಾತ್ರ.

ಹೋಲಿಕೆಗೆ ಆಸ್ಕಾರ್ಬಿಕ್ ಆಮ್ಲ, ಟ್ರೋಲಾಕ್ಸ್ ಅಥವಾ ಬಿಎಚ್‌ಟಿ ಇರಲೇಬೇಕು. ಅದಿಲ್ಲದ ಐಸಿ50 ಅಂಕಿಯನ್ನು ಬೇರೆ ಪ್ರಯೋಗಶಾಲೆಯ ಅಂಕಿಯ ಪಕ್ಕದಲ್ಲಿಟ್ಟು ಓದಲು ಬರುವುದಿಲ್ಲ. ಡಿಪಿಪಿಎಚ್‌ನ ಸಾಂದ್ರತೆ ಬದಲಾದರೂ ಐಸಿ50 ಬದಲಾಗುತ್ತದೆ. ಸಾರಕ್ಕೆ ತನ್ನದೇ ಕಂದು ಬಣ್ಣವಿದ್ದರೆ ಡಿಪಿಪಿಎಚ್ ಹಾಕದ ಸಾರದ ಹೀರಿಕೆಯನ್ನು ಕಳೆಯಬೇಕು. ವಿದ್ಯಾರ್ಥಿ ಪ್ರಬಂಧಗಳಲ್ಲಿ ಹೆಚ್ಚು ಬಿಟ್ಟುಹೋಗುವ ಸಾಲು ಇದು.

ಬ್ಯಾಕ್ಟೀರಿಯಾ ನಿರೋಧಕ ಪರೀಕ್ಷೆ 1: ಅಗರ್ ತಟ್ಟೆ

• ಮಾಧ್ಯಮ: ಮ್ಯೂಲರ್–ಹಿಂಟನ್ ಅಗರ್, ಪಿಎಚ್ 7.2ರಿಂದ 7.4, ದಪ್ಪ 4 ಮಿ.ಮೀ. ಜಾನ್ ಮ್ಯೂಲರ್ ಮತ್ತು ಜೇನ್ ಹಿಂಟನ್ 1941ರಲ್ಲಿ ಇದನ್ನು ರೂಪಿಸಿದ್ದು ನೈಸೀರಿಯಾ ಬೆಳೆಸಲು.
• ಬಿತ್ತನೆ: 0.5 ಮ್ಯಾಕ್‌ಫರ್ಲೆಂಡ್ ಮಾನಕದ ಮಬ್ಬು, ಅಂದರೆ ಪ್ರತಿ ಮಿ.ಲೀ.ಗೆ ಸುಮಾರು 15 ಕೋಟಿ ಜೀವಕೋಶ. 1.175 ಶೇಕಡಾ ಬೇರಿಯಂ ಕ್ಲೋರೈಡ್ 0.05 ಮಿ.ಲೀ., 1 ಶೇಕಡಾ ಸಲ್ಫ್ಯೂರಿಕ್ ಆಮ್ಲ 9.95 ಮಿ.ಲೀ. ಬೆರೆಸಿದರೆ ಮಾನಕ ಸಿದ್ಧ. 625 ನ್ಯಾನೊಮೀಟರ್‌ನಲ್ಲಿ ಹೀರಿಕೆ 0.08ರಿಂದ 0.13.
• ಬಿಲ್ಲೆ ವಿಧಾನ: ಕರ್ಬಿ–ಬಾವರ್, 1966. ಬಿಲ್ಲೆಯ ವ್ಯಾಸ 6 ಮಿ.ಮೀ. ಸಸ್ಯಸಾರಕ್ಕೆ ಅಗರ್‌ನಲ್ಲಿ ಕುಳಿ ಕೊರೆದು ಸಾರ ತುಂಬುವ ವಿಧಾನವೂ ಬಳಕೆಯಲ್ಲಿದೆ.
• 35 ಡಿಗ್ರಿಯಲ್ಲಿ 16ರಿಂದ 18 ಗಂಟೆ.
• ಮಾನಕ ತಳಿಗಳು: ಸ್ಟಫೈಲೊಕಾಕಸ್ ಆರಿಯಸ್ ಎಟಿಸಿಸಿ 25923, ಇ. ಕೋಲೈ ಎಟಿಸಿಸಿ 25922, ಸ್ಯೂಡೊಮೊನಾಸ್ ಎರುಜಿನೋಸಾ ಎಟಿಸಿಸಿ 27853. ನಮ್ಮಲ್ಲಿ ತಳಿಗಳನ್ನು ಚಂಡೀಗಢದ ಎಂಟಿಸಿಸಿಯಿಂದ ತರಿಸಿಕೊಳ್ಳುವುದು ರೂಢಿ.
• ಧನ ನಿಯಂತ್ರಣ: ಜೆಂಟಾಮೈಸಿನ್ 10 ಮೈಕ್ರೊಗ್ರಾಂ. ಇ. ಕೋಲೈ 25922ಕ್ಕೆ ವಲಯ 19ರಿಂದ 26 ಮಿ.ಮೀ. ಒಳಗೆ ಬರದಿದ್ದರೆ ಆ ದಿನದ ತಟ್ಟೆಗಳನ್ನೆಲ್ಲ ಬದಿಗಿಡಬೇಕು.
• ಋಣ ನಿಯಂತ್ರಣ: ಸಾರ ಕರಗಿಸಿದ ದ್ರಾವಕ ಮಾತ್ರ, ಸಾಮಾನ್ಯವಾಗಿ ಡಿಎಂಎಸ್‌ಒ.

‘ನಿರೋಧ ವಲಯ ದೊಡ್ಡದಾದಷ್ಟೂ ಸಾರ ಪ್ರಬಲ’ ಎಂಬ ವಾಕ್ಯವನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ವಲಯದ ಅಗಲ ಎರಡು ಸಂಗತಿಗಳ ಕೂಡಿಕೆ: ವಸ್ತುವಿನ ಶಕ್ತಿ ಮತ್ತು ಅದು ಅಗರ್‌ನಲ್ಲಿ ಹರಡುವ ವೇಗ. 957 ತೂಕದ, ಅಂಟುವ ಸ್ವಭಾವದ ಚೆಬುಲಿನಿಕ್ ಆಮ್ಲ ನಿಧಾನವಾಗಿ ಸರಿಯುತ್ತದೆ. 170ರ ಗ್ಯಾಲಿಕ್ ಆಮ್ಲ ಚುರುಕಾಗಿ ಹರಡುತ್ತದೆ. ಹೀಗಾಗಿ ಚಿಕ್ಕ ವಲಯದ ಸಾರವೇ ದ್ರವ ಮಾಧ್ಯಮದಲ್ಲಿ ಹೆಚ್ಚು ಪ್ರಬಲವಾಗಿ ಕಾಣಬಹುದು. ಶುದ್ಧ ಪ್ರತಿಜೀವಕದ 10 ಮೈಕ್ರೊಗ್ರಾಂ ಬಿಲ್ಲೆಯ ಪಕ್ಕದಲ್ಲಿ ಮಿಲಿಗ್ರಾಂಗಟ್ಟಲೆ ಕಚ್ಚಾ ಸಾರ ಸುರಿದು ‘ಜೆಂಟಾಮೈಸಿನ್‌ಗೆ ಸಮಾನ’ ಎನ್ನುವುದೂ ಇದೇ ಜಾತಿಯ ತಪ್ಪು. ತಟ್ಟೆ ವಿಧಾನ ಆರಂಭದ ಜರಡಿ, ಅಷ್ಟೇ.

ಬ್ಯಾಕ್ಟೀರಿಯಾ ನಿರೋಧಕ ಪರೀಕ್ಷೆ 2: ಎಂಐಸಿ ಮತ್ತು ಎಂಬಿಸಿ

ಎಂಐಸಿ ಎಂದರೆ ಕಣ್ಣಿಗೆ ಕಾಣುವ ಬೆಳವಣಿಗೆಯನ್ನು ತಡೆಯುವ ಕನಿಷ್ಠ ಸಾಂದ್ರತೆ. ಎಂಬಿಸಿ ಎಂದರೆ ಮೊದಲಿದ್ದ ಜೀವಕೋಶಗಳಲ್ಲಿ ಶೇ. 99.9ನ್ನು ಕೊಲ್ಲುವ ಕನಿಷ್ಠ ಸಾಂದ್ರತೆ. ಎಂಬಿಸಿ ಎಂದೂ ಎಂಐಸಿಗಿಂತ ಕಡಿಮೆ ಇರದು. ಎಂಬಿಸಿಯನ್ನು ಎಂಐಸಿಯಿಂದ ಭಾಗಿಸಿದಾಗ 4 ಅಥವಾ ಕಡಿಮೆ ಬಂದರೆ ಬ್ಯಾಕ್ಟೀರಿಯಾ ನಾಶಕ, ಹೆಚ್ಚು ಬಂದರೆ ಬ್ಯಾಕ್ಟೀರಿಯಾ ಸ್ತಂಭಕ.

96 ಕುಳಿಗಳ ತಟ್ಟೆಯ ಒಂದು ಸಾಲನ್ನು ನೋಡೋಣ. ಕುಳಿಗಳಲ್ಲಿ 50 ಮೈಕ್ರೊಲೀಟರ್ ಸಾರ, ಅರ್ಧರ್ಧ ಇಳಿಸುತ್ತ ಹೋದದ್ದು. 0.5 ಮ್ಯಾಕ್‌ಫರ್ಲೆಂಡ್ ಮಬ್ಬಿನ ಬ್ಯಾಕ್ಟೀರಿಯಾ ದ್ರವವನ್ನು 150 ಪಟ್ಟು ತೆಳುಮಾಡಿದರೆ ಪ್ರತಿ ಮಿ.ಲೀ.ಗೆ 10 ಲಕ್ಷ ಜೀವಕೋಶ. ಅದರ 50 ಮೈಕ್ರೊಲೀಟರ್ ಸೇರಿಸಿದಾಗ ಕುಳಿಯಲ್ಲಿ ಪ್ರತಿ ಮಿ.ಲೀ.ಗೆ 5 ಲಕ್ಷ. ಸಾರದ ಸಾಂದ್ರತೆಯೂ ಆಗ ಅರ್ಧವಾಗುತ್ತದೆ, ಇದನ್ನು ಮರೆತು ಎಂಐಸಿಯನ್ನು ಎರಡು ಪಟ್ಟು ಹೇಳುವವರು ಬಹಳ. ಕೊನೆಯ ಸಾಂದ್ರತೆಗಳು ಪ್ರತಿ ಮಿ.ಲೀ.ಗೆ 2000, 1000, 500, 250, 125, 62.5 ಮೈಕ್ರೊಗ್ರಾಂ ಎಂದುಕೊಳ್ಳಿ. ರಾತ್ರಿ ಕಳೆದ ಮೇಲೆ ಮಬ್ಬು ನೋಡಿ ಹೇಳಲಾಗದು, ಅಳಲೆ ಸಾರ ತಾನೇ ಕಂದು, ಮೇಲಾಗಿ ಮಾಧ್ಯಮದ ಪ್ರೋಟೀನನ್ನು ಹಿಡಿದು ತಳಕ್ಕೆ ಗಸಿ ಇಳಿಸುತ್ತದೆ. ಅದಕ್ಕೇ ರೆಸಜುರಿನ್: ನೀಲಿ ಉಳಿದರೆ ಬೆಳವಣಿಗೆ ಇಲ್ಲ, ಗುಲಾಬಿ ಆದರೆ ಜೀವಂತ ಕೋಶಗಳಿವೆ. ಮೊದಲ ನಾಲ್ಕು ಕುಳಿ ನೀಲಿ, ಐದನೆಯದರಿಂದ ಗುಲಾಬಿ, ಎಂಐಸಿ 250. ನೀಲಿ ಕುಳಿಗಳಿಂದ 10 ಮೈಕ್ರೊಲೀಟರ್ ತೆಗೆದು ಹೊಸ ಅಗರ್ ಮೇಲೆ ಹರಡಿದರೆ, 5 ಲಕ್ಷದ ಶೇ. 0.1 ಅಂದರೆ ಮಿ.ಲೀ.ಗೆ 500, ಅಂದರೆ 10 ಮೈಕ್ರೊಲೀಟರ್‌ಗೆ 5 ವಸಾಹತು ಮಿತಿ; ಅದಕ್ಕಿಂತ ಹೆಚ್ಚು ಬಂದರೆ ಶೇ. 99.9 ಸತ್ತಿಲ್ಲ. 2000, 1000ದ ಕುಳಿಗಳಿಂದ ಏನೂ ಬೆಳೆಯದೆ 500ರಿಂದ ಹತ್ತಾರು ವಸಾಹತು ಬಂದರೆ ಎಂಬಿಸಿ 1000. ಅನುಪಾತ 4, ನಾಶಕ.

ಕಚ್ಚಾ ಸಾರದ ಎಂಐಸಿ ಪ್ರತಿ ಮಿ.ಲೀ.ಗೆ 100 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಮಾತ್ರ ಮುಂದಿನ ಶುದ್ಧೀಕರಣಕ್ಕೆ ಯೋಗ್ಯ ಎಂಬುದು ಸಾಮಾನ್ಯವಾಗಿ ಒಪ್ಪಿದ ಗಡಿ. ಮೇಲಿನ ಉದಾಹರಣೆಯ 250ನ್ನು ‘ಸಾಧಾರಣ’ ಎನ್ನಬೇಕು. ‘ಅತ್ಯುತ್ತಮ’ ಎಂದರೆ ಪರೀಕ್ಷಕರು ನಗುತ್ತಾರೆ.

ಅಳಲೆಗೇ ವಿಶೇಷವಾದ ಎರಡು ಎಚ್ಚರಿಕೆ. ನೀರಿನ ಸಾರ ಆಮ್ಲೀಯ. ಬ್ಯಾಕ್ಟೀರಿಯಾವನ್ನು ತಡೆದದ್ದು ಬರೀ ಹುಳಿಯೋ ಎಂದು ನೋಡಲು ಪಿಎಚ್ 7ಕ್ಕೆ ಸರಿಪಡಿಸಿದ ಸಾರವನ್ನೂ ಓಡಿಸಬೇಕು. ಎರಡನೆಯದು, ಟ್ಯಾನಿನ್ ಕಂಡಕಂಡ ಪ್ರೋಟೀನಿಗೆಲ್ಲ ಅಂಟುತ್ತದೆ. ಪಿವಿಪಿಪಿ ಅಥವಾ ಜೆಲಟಿನ್‌ನಿಂದ ಟ್ಯಾನಿನ್ ತೆಗೆದ ಮೇಲೂ ಗುಣ ಉಳಿದರೆ ಬೇರೆ ಸಕ್ರಿಯ ವಸ್ತುವಿದೆ ಎಂದು ಹುಡುಕಬಹುದು.

ಗ್ರಾಂ ಧನ, ಗ್ರಾಂ ಋಣ ವ್ಯತ್ಯಾಸ

ಸಸ್ಯಸಾರಗಳು ಸಾಮಾನ್ಯವಾಗಿ ಗ್ರಾಂ ಧನ ಬ್ಯಾಕ್ಟೀರಿಯಾ ಮೇಲೆ ಹೆಚ್ಚು ಪರಿಣಾಮಕಾರಿ. ಕಾರಣ: ಗ್ರಾಂ ಋಣದಲ್ಲಿ ಲಿಪೊಪಾಲಿಸ್ಯಾಕರೈಡ್ ಇರುವ ಹೊರಪೊರೆ ತಡೆಗೋಡೆಯಾಗುತ್ತದೆ, ಒಳಬಂದದ್ದನ್ನು ಹೊರದೂಡುವ ಪಂಪುಗಳೂ ಇವೆ. ಸ್ಯೂಡೊಮೊನಾಸ್ ಈ ವಿಷಯದಲ್ಲಿ ಅತಿ ಗಟ್ಟಿ. ಟ್ಯಾನಿನ್ ಕೆಲಸ ಮಾಡುವ ದಾರಿಗಳು ಮೂರು: ಕಿಣ್ವ ಮತ್ತು ಕೋಶಪೊರೆಯ ಪ್ರೋಟೀನುಗಳಿಗೆ ಅಂಟುವುದು, ಕಬ್ಬಿಣದ ಅಯಾನನ್ನು ಹಿಡಿದಿಟ್ಟು ಬ್ಯಾಕ್ಟೀರಿಯಾಕ್ಕೆ ಸಿಗದಂತೆ ಮಾಡುವುದು, ಬ್ಯಾಕ್ಟೀರಿಯಾ ಮೇಲ್ಮೈಗೆ ಅಂಟುವುದನ್ನು ತಡೆಯುವುದು.

ಪ್ರಕಟವಾದ ಅಧ್ಯಯನಗಳು

• 1997, ಜಪಾನ್: ಮೆಥಿಸಿಲಿನ್‌ಗೆ ಬಗ್ಗದ ಸ್ಟಫೈಲೊಕಾಕಸ್ ಆರಿಯಸ್ ವಿರುದ್ಧ ಕೆಲಸ ಮಾಡುವ ಗ್ಯಾಲಿಕ್ ಆಮ್ಲ ಮತ್ತು ಅದರ ಈಥೈಲ್ ಎಸ್ಟರನ್ನು ಅಳಲೆಯಿಂದ ಬೇರ್ಪಡಿಸಲಾಯಿತು.
• 1999, ಭಾರತ: ಹಲ್ಲು ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೇಲೆ ನೀರಿನ ಸಾರದ ಪರಿಣಾಮ. ತ್ರಿಫಲ ಕಷಾಯದಿಂದ ಬಾಯಿ ಮುಕ್ಕಳಿಸುವ ಪದ್ಧತಿಯ ಪಕ್ಕದಲ್ಲಿಟ್ಟು ಓದಬೇಕಾದದ್ದು.
• 2001: ಜಠರದ ಹುಣ್ಣಿನ ಹೆಲಿಕೊಬ್ಯಾಕ್ಟರ್ ಪೈಲೊರಿ ವಿರುದ್ಧ ನೀರಿನ ಸಾರ; ಎಂಐಸಿ ಲೀಟರಿಗೆ 125 ಮಿಲಿಗ್ರಾಂ, ಅಂದರೆ ಮಿ.ಲೀ.ಗೆ 125 ಮೈಕ್ರೊಗ್ರಾಂ.

ಕೊಳವೆಯಿಂದ ದೇಹಕ್ಕೆ

ಇಲ್ಲಿ ಬಹಳ ಉತ್ತರಗಳು ಹಾರಿಬಿಡುತ್ತವೆ. ಕೊಳವೆಯಲ್ಲಿ ಡಿಪಿಪಿಎಚ್ ಬಣ್ಣ ಕಳೆದ ಟ್ಯಾನಿನ್ ಹಾಗೇ ರಕ್ತಕ್ಕೆ ಸೇರುವುದಿಲ್ಲ. ಎಲಾಜಿಟ್ಯಾನಿನ್‌ಗಳು ಕರುಳಿನಲ್ಲಿ ಎಲಾಜಿಕ್ ಆಮ್ಲವಾಗಿ, ಅಲ್ಲಿನ ಬ್ಯಾಕ್ಟೀರಿಯಾದಿಂದ ಯುರೊಲಿಥಿನ್‌ಗಳಾಗಿ ಬದಲಾಗುತ್ತವೆ. ಯಾರ ಕರುಳಿನಲ್ಲಿ ಎಷ್ಟು ಎಂಬುದು ಅವರವರ ಬ್ಯಾಕ್ಟೀರಿಯಾ ಮೇಲೆ ಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಕೊಳವೆಯಲ್ಲಿ ಅಳೆದ ಒರ‍್ಯಾಕ್ ಅಂಕಿಗಳ ಪಟ್ಟಿಯನ್ನು 2012ರಲ್ಲಿ ಜಾಲತಾಣದಿಂದ ತೆಗೆದುಹಾಕಿತು: ಕೊಳವೆಯ ಅಂಕಿಗೂ ಆರೋಗ್ಯಕ್ಕೂ ನೇರ ಸಂಬಂಧ ಸಿಕ್ಕಿರಲಿಲ್ಲ, ಜಾಹೀರಾತಿನವರು ಮಾತ್ರ ಅದನ್ನು ಚೆನ್ನಾಗಿ ಬಳಸಿಕೊಂಡಿದ್ದರು. ಬ್ಯಾಕ್ಟೀರಿಯಾ ನಿರೋಧಕ ಗುಣಕ್ಕೂ ಇದೇ ಮಾತು. ಬಾಯಿ, ಚರ್ಮ, ಜಠರದಂಥ ಕಡೆ ಸಾರ ನೇರವಾಗಿ ತಗಲುವುದರಿಂದ ಅಲ್ಲಿನ ಬಳಕೆಯನ್ನು ಸಮರ್ಥಿಸುವುದು ಸುಲಭ. ರಕ್ತದ ಸೋಂಕಿಗೆ ಅದೇ ತರ್ಕ ಹೊಂದದು. ಪ್ರಾಣಿಕೋಶಗಳಿಗೆ ಎಷ್ಟರಲ್ಲಿ ವಿಷವಾಗುತ್ತದೆ ಎಂಬ ಪರೀಕ್ಷೆಯೂ ಜೊತೆಗಿರಬೇಕು.

ಕಾನೂನು

ಜೀವವೈವಿಧ್ಯ ಕಾಯ್ದೆ 2002, ತಿದ್ದುಪಡಿ 2023. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಚೆನ್ನೈನಲ್ಲಿದೆ. ಇಂಥ ಸಸ್ಯಗಳ ವಾಣಿಜ್ಯ ಬಳಕೆಗೆ ರಾಜ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು, ಬೆಂಗಳೂರಿನಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿ. ಸಾಂಪ್ರದಾಯಿಕ ಜ್ಞಾನ ಡಿಜಿಟಲ್ ಗ್ರಂಥಾಲಯ ಆರಂಭವಾದದ್ದು 2001ರಲ್ಲಿ. ತಪ್ಪು ಪೇಟೆಂಟ್ ತಡೆಯುವುದು ಅದರ ಗುರಿ.

ಉತ್ತರಪತ್ರಿಕೆಯಲ್ಲಿ ಅಂಕ ಕಳೆಯುವ ಕಡೆಗಳು

• ಐಸಿ50 ಮತ್ತು ಎಂಐಸಿ ಎರಡರಲ್ಲೂ ಅಂಕಿ ಕಡಿಮೆಯಾದಷ್ಟೂ ಸಾರ ಪ್ರಬಲ.
• ನಿರೋಧ ವಲಯದಲ್ಲಿ ಕುಳಿಯ ವ್ಯಾಸ ಸೇರಿದೆಯೋ ಇಲ್ಲವೋ ಎಂದು ಬರೆಯದಿದ್ದರೆ ‘14 ಮಿ.ಮೀ.’ಗೆ ಅರ್ಥವಿಲ್ಲ.
• ಒಂದೇ ಸಾರವನ್ನು ಮೂರು ಕುಳಿಗೆ ಹಾಕುವುದು ತಾಂತ್ರಿಕ ಪುನರಾವರ್ತನೆ. ಬೇರೆ ದಿನ, ಹೊಸ ಕೃಷಿಕೆಯಿಂದ ಮಾಡಿದ್ದೇ ಸ್ವತಂತ್ರ ಪುನರಾವರ್ತನೆ.
• ಡಿಎಂಎಸ್‌ಒ ಕುಳಿಯಲ್ಲಿ ಸಾಮಾನ್ಯವಾಗಿ ಶೇ. 1 ದಾಟಬಾರದು.
• ಮಿಲಿಗ್ರಾಂ, ಮೈಕ್ರೊಗ್ರಾಂ ಅದಲುಬದಲು ಆದರೆ ಸಾವಿರ ಪಟ್ಟು ತಪ್ಪು. 2001ರ ಅಧ್ಯಯನದ 125ನ್ನು ‘ಮಿ.ಲೀ.ಗೆ 125 ಮಿಲಿಗ್ರಾಂ’ ಎಂದು ಬರೆದರೆ ಅದು ಪಾಯಸದ ಹದಕ್ಕೆ ಬರುತ್ತದೆ, ಔಷಧವಾಗಿ ಉಳಿಯುವುದಿಲ್ಲ.